ಎತ್ತಿನ ಹಲ್ಲು ಎಣಿಸ್ತೀವಿ, ನಾಯಿ ಬಾಯಿ ಯಾಕ ನೋಡಂಗಿಲ್ಲ?

ದನದ ಸಂತೆಗೆ ಹೋದವರಿಗೆಲ್ಲ ಗೊತ್ತಿರುವ ಮಾತಿದು. ಎತ್ತು ಎಷ್ಟೇ ಚಂದ ಇರಲಿ, ಕೊಳ್ಳುವವನ ಕೈ ಮೊದಲು ಹೋಗೋದು ಬಾಯಿಗೆ. ತುಟಿ ಎತ್ತಿ, ಹಾಲಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು ಅಂತ ಲೆಕ್ಕ ಹಾಕಿದ ಮೇಲೇ ರೊಕ್ಕದ ಮಾತು. ನಮ್ಮ ಅಪ್ಪ ಈ ಕೆಲಸದಲ್ಲಿ ಗಟ್ಟಿಗ. ಕತ್ತಲಾದರೂ ಬೆರಳಾಡಿಸಿ ವಯಸ್ಸು ಹೇಳುವ ಮನುಷ್ಯ. ಅದೇ ಅಪ್ಪ, ಅವನ ಮಗ ನಾನು, ಇಬ್ಬರೂ ಸೇರಿ ಆರು ವರ್ಷ ನಮ್ಮ ಹೊಲ ಕಾದ ನಾಯಿಯ ತುಟಿಯನ್ನ ಒಂದು ಸಲವೂ ಎತ್ತಿ ನೋಡಿರಲಿಲ್ಲ. ಅದರ ಬೆಲೆ ತೆತ್ತದ್ದು ಮೊದಲು ನಾಯಿ, ಆಮೇಲೆ ನಮ್ಮ ಬಾಳೆ.

ನಮ್ಮ ಮನೆ ಕೋಟನೂರಿನಲ್ಲಿ, ಹೊಲ ಕಮಲಾಪುರದ ಕಡೆ. ಕೆಂಪು ಬಾಳೆ, ನುಗ್ಗೆ, ಬದುವಿಗೆ ಕರಿಬೇವು, ಮಳೆ ನಂಬಿದ ಕಡೆ ತೊಗರಿ. ಬಾಗಲಕೋಟೆಯಲ್ಲಿ ತೋಟಗಾರಿಕೆ ಪದವಿ ಮುಗಿಸಿ, ಸ್ವಲ್ಪ ದಿನ ನೌಕರಿ ಮಾಡಿ, ಮನಸ್ಸು ನಿಲ್ಲದೆ ವಾಪಸ್ ಬಂದು ಸಾವಯವ ಹಿಡಿದವನು. ಈ ಅಂಕಣದಲ್ಲಿ ಎಲೆ, ಬೇರು, ಗೊಬ್ಬರದ ಮಾತು ಓದಿ ರೂಢಿ ಆದವರು, ಇವತ್ತು ಏನಿದು ನಾಯಿ ಬೆಕ್ಕಿನ ಹಲ್ಲಿನ ಮಾತು ಅಂತ ನಗಬಹುದು. ನಗ್ರಿ, ಆದರೆ ಓದ್ರಿ. ಹಂದಿ ಕಾಯಲು ನಾಯಿ, ಇಲಿ ಕಾಯಲು ಬೆಕ್ಕು ಇಟ್ಟುಕೊಂಡವರಿಗೆ ಇದು ಶೋಕಿ ಮಾತಲ್ಲ.

ನಮ್ಮ ನಾಯಿ ಹೆಸರು ಕರಿಯ. ಜಾತಿ ಗೀತಿ ಏನೂ ಇಲ್ಲ, ಊರ ನಾಯಿ. ರಾತ್ರಿ ಹಂದಿ ಬಂದರೆ ಬದುವಿನ ಆಚೆಯೇ ನಿಲ್ಲಿಸುವ ಗಂಡು. ಎರಡು ವರ್ಷದ ಹಿಂದೆ, ಬೇಸಿಗೆ ಮುಗಿಯುವ ಹೊತ್ತಿಗೆ ಅವನು ಶೆಡ್ಡಿನಲ್ಲೇ ಮಲಗಲು ಶುರು ಮಾಡಿದ. ಒಣ ರೊಟ್ಟಿ ಹಾಕಿದರೆ ಮೂಸಿ ಬಿಡುವುದು, ಮಜ್ಜಿಗೆಯಲ್ಲಿ ಕಲಸಿ ಹಾಕಿದರೆ ತಿನ್ನುವುದು. "ಮೈಗಳ್ಳ ಆಗ್ಯಾನ, ಬಾಯಿರುಚಿ ಹತ್ತೇದ" ಅಂದ ಅಪ್ಪ. ನನಗೂ ಹಂಗೇ ಅನಿಸಿತು. ಹತ್ತಿರ ಬಂದರೆ ಕೆಟ್ಟ ವಾಸನೆ. ನಾಯಿ ಬಾಯಿ ವಾಸನೆ ಬರದೆ ಮಲ್ಲಿಗೆ ವಾಸನೆ ಬರ್ತದೇನು ಅಂತ ನಾನೇ ಜೋಕು ಮಾಡಿದ್ದೆ.

ಆಮೇಲೆ ಎಡಗಣ್ಣಿನ ಕೆಳಗೆ ಒಂದು ಬಾವು ಬಂತು. ಹಂದಿ ಕೋರೆ ತಾಗಿರಬೇಕು ಅಂತ ಅರಿಶಿನ, ಬೇವಿನೆಣ್ಣೆ ಹಚ್ಚಿದೆ. ಬಾವು ಒಡೆದು ಕೀವು ಹೋಯಿತು, ಗಾಯ ಮಾಯಿತು. ನನ್ನ ಬೇವಿನೆಣ್ಣೆಗೆ ನಾನೇ ಶಹಬ್ಬಾಸ್ ಅಂದುಕೊಂಡೆ. ಮೂರು ವಾರಕ್ಕೆ ಅದೇ ಜಾಗದಲ್ಲಿ ಮತ್ತೆ ಬಾವು. ಮತ್ತೆ ಎಣ್ಣೆ, ಮತ್ತೆ ವಾಸಿ. ಮೂರನೇ ಸಲ ಬಂದಾಗ ಪಶುವೈದ್ಯರ ಹತ್ತಿರ ಒಯ್ದೆ. ಅವರು ಗಾಯವನ್ನ ನೋಡಲೇ ಇಲ್ಲ. ನೇರ ತುಟಿ ಎತ್ತಿದರು. "ಇದು ಕಣ್ಣಿನ ಕೆಳಗಿನ ಗಾಯ ಅಲ್ಲಪ್ಪ, ಹಲ್ಲು. ಹಲ್ಲು ಸೀಳೇದ, ಬೇರಿನಾಗ ಕೀವು ಆಗೇದ" ಅಂದರು.

ನಾಯಿಯ ಮೇಲ್ದವಡೆಯ ಎರಡೂ ಬದಿ ಒಂದೊಂದು ದೊಡ್ಡ ಹಲ್ಲು ಇರ್ತದೆ, ಮಾಂಸ ಕತ್ತರಿಸುವ ಕತ್ತರಿ ಇದ್ದಂಗೆ. ಅದಕ್ಕೆ ಮೂರು ಬೇರು. ಬೇರಿನ ತುದಿ ಇರುವುದು ಹೆಚ್ಚುಕಮ್ಮಿ ಕಣ್ಣಿನ ಕೆಳಗೇ. ಅಲ್ಲಿ ಕೀವಾದರೆ ಹೊರಬರುವ ದಾರಿ ಕೆನ್ನೆ. ಹೊರಗೆ ಎಷ್ಟು ಎಣ್ಣೆ ಹಚ್ಚಿದರೇನು? ಬುಡದಲ್ಲಿ ಗೆಡ್ಡೆಕೊರಕ ಕೂತಾಗ ಬಾಳೆ ಎಲೆಗೆ ಸ್ಪ್ರೇ ಹೊಡೆದ ಹಾಗೆ. ಆಂಟಿಬಯೋಟಿಕ್ ಕೊಟ್ಟರೂ ಬಾವು ಇಳಿದು ಮತ್ತೆ ಬರ್ತದೆ. ಹಲ್ಲು ತೆಗೆಯಬೇಕು, ಇಲ್ಲಾ ಬೇರಿಗೆ ಚಿಕಿತ್ಸೆ ಮಾಡಬೇಕು. ನಾನು ಓದಿದವನು, ಕೈಯಲ್ಲಿ ಭೂತಗನ್ನಡಿ ಹಿಡಿದು ವಾರಕ್ಕೊಮ್ಮೆ ಎಲೆ ಅಡಿ ಹುಡುಕುವವನು. ಮುಂದೆ ಕೂತ ನಾಯಿಯ ಬಾಯಿ ನೋಡುವ ಬುದ್ಧಿ ಬರಲಿಲ್ಲ.

ಹಲ್ಲು ಯಾಕೆ ಸೀಳಿತು? ಹೊಲದ ಪಕ್ಕದ ರಸ್ತೆಯ ಖಾನಾವಳಿಯಿಂದ ನಾನೇ ಎಲುಬು ತಂದು ಹಾಕುತ್ತಿದ್ದೆ. ಪ್ರೀತಿಯಿಂದ. ಅದರ ಮೇಲೆ ಅವನಿಗೆ ಕಲ್ಲು ಕಚ್ಚುವ ಚಟ. ಹುಡುಗರು ಕಲ್ಲು ಎಸೆದರೆ ಚೆಂಡಿನಂಗೆ ಹಿಡಿದು ತರುವವನು. ನಾವು ಅದನ್ನ ವಿಡಿಯೋ ಮಾಡಿ ಸ್ಟೇಟಸ್ ಹಾಕಿದ್ದೂ ಉಂಟು.

ಹಲ್ಲು ತೆಗೆಯಲು ಪೂರ್ತಿ ಅರಿವಳಿಕೆ ಬೇಕು, ಬೀದರಿಗೆ ಒಯ್ಯುವುದು ಒಳ್ಳೇದು ಅಂದರು. ಬೀದರಿನ ಪಶುವೈದ್ಯಕೀಯ ಕಾಲೇಜು ನಮ್ಮ ಭಾಗದ ದೊಡ್ಡ ಆಸರೆ. ಕಲಬುರಗಿಯಿಂದ ಮಹಾಗಾಂವ, ಕಮಲಾಪುರ, ಹುಮನಾಬಾದ ದಾಟಿ ನೂರು ಕಿಲೋಮೀಟರಿಗೂ ಮೇಲೆ. ಬಾಡಿಗೆ ಗಾಡಿಯಲ್ಲಿ ನಮ್ಮ ಹೊಲದ ಕಡೆ ತಿರುಗುವ ದಾರಿ ಬಂದಾಗ ಕರಿಯ ಎದ್ದು ನಿಂತ, ಇಳಿಸ್ತಾರೆ ಅಂದುಕೊಂಡು. ಆ ಒಂದು ನಿಮಿಷ ನನಗೆ ಇವತ್ತೂ ಸರಿಯಾಗಿ ನುಂಗಲು ಆಗೋದಿಲ್ಲ.

ಹಲ್ಲು ಹೋದ ಹದಿನೈದು ದಿನಕ್ಕೆ ಅವನು ಮತ್ತೆ ಬದುವಿನ ಮೇಲೆ ಮಲಗಿದ. ಅಂದರೆ ಇಷ್ಟು ದಿನ ಶೆಡ್ಡಿನಲ್ಲಿ ಮಲಗಿದ್ದು ಮೈಗಳ್ಳತನಕ್ಕಲ್ಲ, ನೋವಿಗೆ. ಆ ತಿಂಗಳುಗಳಲ್ಲಿ ಹಂದಿ ಬಂದು ಬಾಳೆ ಬುಡ ಅಗೆದು ಹೊಸ ಕಂದುಗಳನ್ನ ಹಾಳು ಮಾಡಿ ಹೋಗಿದ್ದವು. ಕಮಲಾಪುರದ ಕೆಂಪು ಬಾಳೆ ಏನು ಬೆಲೆ, ಎಷ್ಟು ನಿಧಾನಕ್ಕೆ ಬರುವ ಬೆಳೆ ಅಂತ ನಿಮಗೆ ಹೇಳಬೇಕಿಲ್ಲ. ಹೊಸ ನಾಯಿ ತರೋಣ, ಇವನನ್ನ ಎಲ್ಲಾದರೂ ಬಿಡೋಣ ಅನ್ನುವ ಮಾತೂ ಮನೆಯಲ್ಲಿ ಬಂದಿತ್ತು. ಇದನ್ನ ಬರೆಯಲು ನಾಚಿಕೆ ಆಗ್ತದೆ, ಆದರೂ ಬರೆದೆ.

ನಾಯಿ ನೋವನ್ನ ಹೇಳೋದಿಲ್ಲ. ತಿನ್ನುವುದನ್ನೂ ಬಿಡೋದಿಲ್ಲ, ಹಸಿವು ನೋವಿಗಿಂತ ದೊಡ್ಡದು. ಹಂಗಾಗಿ "ನಮ್ಮ ನಾಯಿ ಚಲೋ ತಿನ್ನಲತ್ತದ, ಹಲ್ಲಿಗೇನೂ ಆಗಿಲ್ಲ" ಅನ್ನುವ ಲೆಕ್ಕ ತಪ್ಪು. ಒಂದೇ ಬದಿ ಅಗಿಯುವುದು, ತುತ್ತು ಕೆಳಗೆ ಬೀಳಿಸುವುದು, ಮೂತಿ ನೆಲಕ್ಕೆ ಉಜ್ಜುವುದು, ತಲೆ ಸವರಲು ಹೋದರೆ ಹಿಂದೆ ಸರಿಯುವುದು, ಜೊಲ್ಲಿನಲ್ಲಿ ರಕ್ತದ ಎಳೆ. ಇವು ಹೇಳುವ ಮಾತು.

ಈಗ ಹಲ್ಲು ಕೆಡುವ ಬಗೆ. ಡ್ರಿಪ್ ಇದ್ದವರಿಗೆ ಇದು ಒಂದೇ ಸಲಕ್ಕೆ ತಿಳಿಯುತ್ತದೆ. ಲ್ಯಾಟರಲ್ ಪೈಪಿನ ಒಳಗೆ ಮೊದಲು ಕೈಗೆ ಜಾರುವ ಪಾಚಿ ಕಟ್ಟುತ್ತದೆ. ಆಗ ತುದಿ ಬಿಚ್ಚಿ ನೀರು ಬಿಟ್ಟರೆ ಸಾಕು, ಹೋಗುತ್ತದೆ. ಬಿಟ್ಟಿರೋ, ಗಡಸು ನೀರಿನ ಉಪ್ಪು ಅದರ ಮೇಲೆ ಕೂತು ಗಾರೆಯಾಗುತ್ತದೆ. ಆಮೇಲೆ ನೀರಿಗೆ ಬಗ್ಗುವುದಿಲ್ಲ, ಆಸಿಡ್ಡೇ ಬೇಕು. ಹಲ್ಲಿನ ಮೇಲೂ ಥೇಟ್ ಇದೇ. ಊಟವಾದ ಕೆಲ ಗಂಟೆಯಲ್ಲೇ ಸೂಕ್ಷ್ಮಜೀವಿಗಳ ಲೋಳೆ ಪದರ ಕೂರುತ್ತದೆ, ಅದನ್ನ ಪ್ಲಾಕ್ ಅನ್ನುತ್ತಾರೆ. ಬಟ್ಟೆಯಿಂದ ಒರೆಸಿದರೂ ಹೋಗುವಂಥದ್ದು. ಕೆಲವೇ ದಿನದಲ್ಲಿ ಜೊಲ್ಲಿನ ಸುಣ್ಣದ ಅಂಶ ಸೇರಿ ಗಟ್ಟಿ ಹಳದಿ, ಕಂದು ಗಾರೆಯಾಗುತ್ತದೆ. ಟಾರ್ಟರ್ ಅನ್ನುವುದು ಇದಕ್ಕೇ. ಇದು ಬ್ರಶ್ಶಿಗೆ ಬಗ್ಗೋದಿಲ್ಲ. ಗಾರೆ ವಸಡಿನ ಕೆಳಗೆ ಇಳಿದರೆ ವಸಡು ಕೆಂಪಾಗಿ ಊದುತ್ತದೆ. ಇಲ್ಲಿಯವರೆಗೆ ಬಂದದ್ದನ್ನ ಹಿಂದಕ್ಕೆ ತರಬಹುದು. ಮುಂದೆ ಹೋಗಿ ಹಲ್ಲು ಹಿಡಿದ ಎಲುಬೇ ಕರಗಲು ಶುರುವಾದರೆ ಕರಗಿದ ಎಲುಬು ವಾಪಸ್ ಬರೋದಿಲ್ಲ.

ನಮಗೆ ಹುಳುಕು ಹಲ್ಲು ಹೆಚ್ಚು, ನಾಯಿಗಳಿಗೆ ಹುಳುಕು ಕಡಿಮೆ, ಗಾರೆ ಮತ್ತು ವಸಡಿನ ರೋಗ ಹೆಚ್ಚು. ಅವುಗಳ ಜೊಲ್ಲು ನಮ್ಮದಕ್ಕಿಂತ ಕ್ಷಾರೀಯ. ಹುಳುಕು ಮಾಡುವ ಆಮ್ಲಕ್ಕೆ ಅದು ತಡೆ, ಗಾರೆ ಕಟ್ಟಲು ಅದೇ ಅನುಕೂಲ. ಮೂರು ವರ್ಷ ದಾಟಿದ ಬಹುಪಾಲು ನಾಯಿ ಬೆಕ್ಕುಗಳಲ್ಲಿ ಇದು ಒಂದಲ್ಲ ಒಂದು ಮಟ್ಟಕ್ಕೆ ಇದ್ದೇ ಇರುತ್ತದೆ ಅಂತ ಪಶುವೈದ್ಯರು ಹೇಳುತ್ತಾರೆ.

"ನಮ್ಮ ಮುತ್ಯಾನ ಕಾಲದಾಗ ನಾಯಿಗೆ ಯಾರು ಹಲ್ಲು ಉಜ್ಜತಿದ್ರು?" ಈ ಪ್ರಶ್ನೆ ಬಂದೇ ಬರ್ತದೆ. ಯಾರೂ ಉಜ್ಜುತ್ತಿರಲಿಲ್ಲ. ಆ ನಾಯಿಗಳು ಎಷ್ಟು ವರ್ಷ ಬದುಕಿದವು ಅಂತ ಯಾರೂ ಎಣಿಸಲೂ ಇಲ್ಲ. ಒಂದು ಹೋದರೆ ಇನ್ನೊಂದು ಬರುತ್ತಿತ್ತು. ಮುತ್ಯಾನ ಕಾಲದ ಎಲ್ಲವೂ ಸಾವಯವ, ಎಲ್ಲವೂ ಸರಿ ಅಂತ ವಾದಿಸುವ ಗೆಳೆಯರು ನನಗೆ ಬಹಳ ಜನ ಇದ್ದಾರೆ; ಅವರ ಜೊತೆ ನನಗೆ ಈ ಒಂದು ಜಗಳ ಮುಗಿಯುವುದೇ ಇಲ್ಲ. ಸಾವಯವ ಅಂದರೆ ಸುಮ್ಮನೆ ಬಿಡುವುದಲ್ಲ. ರಾಸಾಯನಿಕ ಹೊಡೆಯುವವನು ತಪ್ಪಿಗೆ ಔಷಧಿ ಹುಡುಕಿಕೊಳ್ಳಬಹುದು, ಸಾವಯವದವನು ದಿನಾ ಕಣ್ಣಿಟ್ಟು ನೋಡಲೇಬೇಕು.

ಇದೇ ಗೆಳೆಯರ ಇನ್ನೊಂದು ಹಟ, ಮನೆಮದ್ದು. ಮೊಬೈಲ್ ತೆಗೆದರೆ ಒಂದು ರೀಲಿನಲ್ಲಿ ಉಪ್ಪು ಸುಣ್ಣ, ಇನ್ನೊಂದರಲ್ಲಿ ಲವಂಗದ ಎಣ್ಣೆ, ಮತ್ತೊಂದರಲ್ಲಿ ಇದ್ದಿಲ ಪುಡಿ. ನಾಲ್ಕೇ ಮಾತು ಹೇಳ್ತೀನಿ, ಇವನ್ನ ಮರೀಬ್ಯಾಡ್ರಿ. ಲವಂಗದ ಎಣ್ಣೆ ಬೆಕ್ಕಿಗೆ ವಿಷ; ಅದನ್ನ ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ. ಟೀ ಟ್ರೀ ಎಣ್ಣೆಯೂ ಹಂಗೇ, ನಾಯಿಗೂ ಬೇಡ. ನಾವು ಉಜ್ಜುವ ಪೇಸ್ಟ್ ಹಚ್ಚಬೇಡಿ. ನಾಯಿಗೆ ಉಗುಳಲು ಬರೋದಿಲ್ಲ, ಫ್ಲೋರೈಡ್ ಎಲ್ಲ ಹೊಟ್ಟೆಗೆ ಹೋಗುತ್ತದೆ, ಕೆಲವು ಪೇಸ್ಟಿನಲ್ಲಿ ಇರುವ ಜೈಲಿಟಾಲ್ ಅನ್ನುವ ಸಿಹಿ ನಾಯಿಯ ರಕ್ತದ ಸಕ್ಕರೆಯನ್ನ ಧಡಕ್ಕನೆ ಇಳಿಸಿ ಕೊಲ್ಲಬಹುದು. ಚಾಕು, ಸ್ಕ್ರೂಡ್ರೈವರ್ ಹಿಡಿದು ಗಾರೆ ಕೆರೆಯಬೇಡಿ. ಹಲ್ಲಿನ ಮೇಲೆ ಗೀರು ಬಿದ್ದರೆ ಮುಂದಿನ ಪಾಚಿಗೆ ಅದೇ ಮನೆ, ಮೇಲಾಗಿ ರೋಗ ಇರುವುದು ವಸಡಿನ ಕೆಳಗೆ, ಅಲ್ಲಿಗೆ ನಿಮ್ಮ ಚಾಕು ಹೋಗೋದಿಲ್ಲ.

ನಾಲ್ಕನೆಯದನ್ನ ಬೇರೆಯೇ ಹೇಳಬೇಕು. ನಮ್ಮ ಮನೆ ಬೆಕ್ಕು ಚಿನ್ನಿ ಒಮ್ಮೆ ತಟ್ಟೆ ಹತ್ತಿರ ಬಂದು, ಒಂದು ತುತ್ತು ಬಾಯಿಗಿಟ್ಟು, ಚೀರಿ ಓಡಿಹೋಗುತ್ತಿತ್ತು. ಜೊಲ್ಲು ಸುರಿಸುತ್ತಿತ್ತು. ಅವ್ವ ಪಾಪ, ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಗುಳಿಗೆ ಅರ್ಧ ಮುರಿದು ಹಾಲಿನಲ್ಲಿ ಕರಗಿಸಲು ಕೂತಿದ್ದಳು. ಮಗುವಿಗೆ ಕೊಡ್ತೀವಿ, ಬೆಕ್ಕಿಗೇನು ಅನ್ನುವ ಲೆಕ್ಕ. ನಾನು ಹೊತ್ತಿಗೆ ಸರಿಯಾಗಿ ಒಳಗೆ ಬಂದದ್ದಕ್ಕೆ ಬೆಕ್ಕು ಉಳಿಯಿತು. ಅರ್ಧ ಗುಳಿಗೆ ಒಂದು ಬೆಕ್ಕನ್ನ ಕೊಲ್ಲಲು ಸಾಕು. ನಾಯಿಗೆ ಐಬುಪ್ರೊಫೇನ್ ಕೊಟ್ಟರೂ ಹೊಟ್ಟೆ ಹುಣ್ಣಾಗಿ, ಕಿಡ್ನಿ ಹೋಗಬಹುದು. ನಮ್ಮ ನೋವಿನ ಗುಳಿಗೆ ಯಾವುದನ್ನೂ ಪ್ರಾಣಿಗೆ ಕೊಡಬೇಡಿ.

ಚಿನ್ನಿಗೆ ಆಗಿದ್ದು ಬಾಯಿ ತುಂಬ ಹುಣ್ಣು, ವಸಡಿನ ತೀವ್ರ ಉರಿಯೂತ. ಬೆಕ್ಕುಗಳಲ್ಲಿ ಇದು ಬರೀ ಗಾರೆಯಿಂದ ಬರುವುದಲ್ಲ, ಕೆಲವು ವೈರಸ್ಸುಗಳಿಗೂ ಇದಕ್ಕೂ ನಂಟಿದೆ. ಇನ್ನೊಂದು ಬಗೆಯಲ್ಲಿ ಹಲ್ಲು ಬುಡದಿಂದಲೇ ಒಳಗೊಳಗೆ ಕರಗುತ್ತಾ ಹೋಗುತ್ತದೆ, ಮೇಲೆ ನೋಡಿದರೆ ವಸಡು ಹಲ್ಲಿನ ಮೇಲೆ ಹತ್ತಿದಂಗೆ ಸಣ್ಣ ಕೆಂಪು ಚುಕ್ಕೆ ಅಷ್ಟೇ. ಬೆಕ್ಕಿಗೆ ಇರುವುದೇ ಮೂವತ್ತು ಹಲ್ಲು, ನಾಯಿಗೆ ನಲವತ್ತೆರಡು. ಬೆಕ್ಕು ಎರಡು ದಿನ ಊಟ ಬಿಟ್ಟರೆ ಕಾಯಬೇಡಿ. ಹಸಿದ ಬೆಕ್ಕಿನ ಲಿವರಿನಲ್ಲಿ ಕೊಬ್ಬು ತುಂಬಿ ಅದೇ ಬೇರೆ ರೋಗವಾಗುತ್ತದೆ. ಆ ವರ್ಷ ಚಿನ್ನಿ ಮಲಗಿದ ಒಂದು ತಿಂಗಳಲ್ಲಿ ಬೀಜಕ್ಕೆ ಇಟ್ಟ ತೊಗರಿ ಚೀಲಕ್ಕೆ ಇಲಿ ಬಿದ್ದವು. ಪಕ್ಕದವರು ಇಲಿ ಪಾಷಾಣದ ತುಂಡು ತಂದು ಕೊಟ್ಟರು. ಬೇಡ ಅಂದೆ, ಸಾವಯವದ ಸಲುವಾಗಿ ಅಷ್ಟೇ ಅಲ್ಲ. ಬ್ರೋಮಾಡಿಯೋಲೋನ್ ತಿಂದ ಇಲಿಯನ್ನ ಬೆಕ್ಕು ನಾಯಿ ತಿಂದರೆ ಅವಕ್ಕೂ ರಕ್ತ ಹೆಪ್ಪುಗಟ್ಟುವುದು ನಿಲ್ಲುತ್ತದೆ, ಕೆಲ ದಿನದ ಮೇಲೆ ವಸಡಿನಿಂದ ರಕ್ತ ಜಿನುಗುತ್ತದೆ. ಆಗ ಅದು ಹಲ್ಲಿನ ರೋಗ ಅಲ್ಲ. ವಿಟಮಿನ್ ಕೆ ಇಂಜೆಕ್ಷನ್ ಸಿಕ್ಕರೆ ಉಳಿಯುತ್ತದೆ, ತಡವಾದರೆ ಇಲ್ಲ. ಪಾಷಾಣದ ಪಾಕೀಟು ಇದ್ದರೆ ಅದರ ಫೋಟೋ ಡಾಕ್ಟರಿಗೆ ತೋರಿಸಿ.

ವಸಡು ನೋಡುವ ರೂಢಿ ಬಿದ್ದರೆ ಇಂಥವು ಇನ್ನೂ ಕಾಣುತ್ತವೆ. ಬಿಳಚಿದ ವಸಡು ಅಂದರೆ ರಕ್ತ ಕಡಿಮೆ, ಉಣ್ಣೆಯಿಂದ ಬರುವ ಜ್ವರ ಇರಬಹುದು. ಹಳದಿ ಅಂದರೆ ಕಾಮಾಲೆ. ಎಲೆ ಹಳದಿ ಆದರೆ ಸಾರಜನಕವೋ ಕಬ್ಬಿಣವೋ ಅಂತ ತಲೆ ಕೆಡಿಸಿಕೊಳ್ಳುವ ನಮಗೆ ಇದೇನು ಕಷ್ಟದ ಓದಲ್ಲ.

ಈಗ ಇಡೀ ಬರಹದಲ್ಲಿ ಇದೊಂದನ್ನೇ ಓದಿದರೂ ಸಾಕು ಅನ್ನುವ ಮಾತು. ನಾಯಿಯ ಬಾಯಿಗೆ ಕೈ ಹಾಕುವ ಮುಂಚೆ ಹುಚ್ಚುರೋಗದ ಯೋಚನೆ ಮಾಡಬೇಕು. ಹುಚ್ಚು ನಾಯಿ ಅಂದರೆ ಓಡಾಡಿ ಕಚ್ಚುವುದು ಅಂತಲೇ ನಮ್ಮ ತಲೆಯಲ್ಲಿದೆ. ಇನ್ನೊಂದು ಬಗೆ ಇದೆ, ಮೂಕ ಹುಚ್ಚು. ನಾಯಿ ಮೂಲೆ ಹಿಡಿದು ಸುಮ್ಮನೆ ಕೂರುತ್ತದೆ. ಕೆಳದವಡೆ ಜೋತು ಬೀಳುತ್ತದೆ, ಜೊಲ್ಲು ಸುರಿಯುತ್ತದೆ, ನುಂಗಲು ಆಗೋದಿಲ್ಲ, ದನಿ ಬದಲಾಗುತ್ತದೆ. ನೋಡಿದವರಿಗೆ ಗಂಟಲಲ್ಲಿ ಎಲುಬು ಸಿಕ್ಕಂಗೆಯೇ ಕಾಣುತ್ತದೆ. ಪಕ್ಕದ ಹೊಲದ ಹುಡುಗ ಹಿಂಗೇ ಎಲುಬು ತೆಗೆಯಲು ತನ್ನ ನಾಯಿಯ ಬಾಯಿಗೆ ಮಣಿಕಟ್ಟಿನ ತನಕ ಕೈ ಹಾಕಿದ್ದ. ಎಲುಬು ಇರಲಿಲ್ಲ. ಬೆರಳಿಗೆ ಕುಡುಗೋಲು ತಾಗಿದ ಹಳೇ ಗಾಯ ಇತ್ತು. ಮೂರನೇ ದಿನ ನಾಯಿ ಸತ್ತಿತು. ನಾಯಿಯನ್ನ ಹೂತುಬಿಟ್ಟಿದ್ದರು, ಪರೀಕ್ಷೆ ಆಗಲಿಲ್ಲ. ಆದರೆ ಡಾಕ್ಟರು ಪರೀಕ್ಷೆಗೆ ಕಾಯಲಿಲ್ಲ, ಅವನಿಗೆ ಪೂರ್ತಿ ಕೋರ್ಸ್ ಇಂಜೆಕ್ಷನ್ ಮಾಡಿಸಿದರು. ಹುಡುಗ ಈಗ ಚಲೋ ಇದ್ದಾನೆ, ಮೊನ್ನೆ ಅವನ ಮದುವೆ ಊಟ ಉಂಡು ಬಂದೆ.

ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿದರೆ ಮನುಷ್ಯನೂ ಉಳಿಯೋದಿಲ್ಲ, ಹೆಚ್ಚುಕಮ್ಮಿ ನೂರಕ್ಕೆ ನೂರು. ಲಕ್ಷಣಕ್ಕೆ ಮುಂಚೆ ಇಂಜೆಕ್ಷನ್ ತೆಗೆದುಕೊಂಡರೆ ಉಳಿಯುತ್ತಾನೆ. ನಡುವೆ ಮೂರನೇ ದಾರಿ ಇಲ್ಲ. ಆದ್ದರಿಂದ ಜೊಲ್ಲು ಸುರಿಸುವ, ದವಡೆ ಬಿಟ್ಟ ನಾಯಿಯನ್ನ ಕಟ್ಟಲು ಹೋಗದೆ, ಅದು ಇರುವ ಜಾಗದ ಬಾಗಿಲು ಹಾಕಿ, ಪಶುವೈದ್ಯರಿಗೆ ಫೋನ್ ಮಾಡಿ. ಆಕಳು ಎಮ್ಮೆಗೂ ಇದೇ ಮಾತು. ಮೇವು ಸಿಕ್ಕಿದೆ ಅಂತ ಗಂಟಲಿಗೆ ಕೈ ಹಾಕಿ ಆಮೇಲೆ ಹುಚ್ಚು ಅಂತ ಗೊತ್ತಾದ ಮನೆಗಳಿವೆ. ಕಚ್ಚಿದರೆ, ಗಾಯದ ಮೇಲೆ ನೆಕ್ಕಿದರೆ, ಸೋಪು ಹಚ್ಚಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆಯಿರಿ. ಸುಣ್ಣ, ಖಾರದ ಪುಡಿ, ಅರಿಶಿನ ಏನೂ ಬೇಡ. ಅವತ್ತೇ ಆಸ್ಪತ್ರೆಗೆ ಹೋಗಿ, ಎಲ್ಲ ಡೋಸ್ ಮುಗಿಸಿ. ಎರಡು ತೆಗೆದುಕೊಂಡು ಸುಗ್ಗಿ ಬಂತು ಅಂತ ಬಿಟ್ಟವರನ್ನ ನಾನು ಬಲ್ಲೆ, ಅದು ಜೂಜು. ನಿಮ್ಮ ನಾಯಿಗೆ ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ಡಾಕ್ಟರು ಹೇಳಿದ ಹಾಗೆ ವರ್ಷಾವರ್ಷ. ಲಸಿಕೆ ಹಾಕದ ನಾಯಿಯ ಹಲ್ಲು ಉಜ್ಜುವ ಮಾತನ್ನ ನಾನು ಆಡುವುದೇ ಇಲ್ಲ.

ಲಸಿಕೆ ಆದ, ಆರೋಗ್ಯವಾಗಿರುವ ನಿಮ್ಮದೇ ನಾಯಿಗೆ ಹಿಂಗ ಮಾಡ್ರಿ. ಮೊದಲ ವಾರ ಬಾಯಿ ತೆರೆಯಬೇಡಿ, ಬರೀ ತುಟಿ ಎತ್ತಿ ಬಿಡಿ, ಒಂದು ಚೂರು ರೊಟ್ಟಿ ಕೊಡಿ. ಎರಡನೇ ವಾರ ಬೆರಳಿಗೆ ತೆಳು ಹತ್ತಿ ಬಟ್ಟೆ ಸುತ್ತಿ, ನೀರಲ್ಲಿ ಅದ್ದಿ, ಕೋರೆ ಹಲ್ಲಿನ ಮೇಲೆ ಒಮ್ಮೆ ಆಡಿಸಿ. ಆಮೇಲೆ ಮೆತ್ತಗಿನ ಮಕ್ಕಳ ಬ್ರಶ್, ನಾಯಿಗೆಂದೇ ಬರುವ ಪೇಸ್ಟ್. ಪೇಸ್ಟ್ ಇಲ್ಲದಿದ್ದರೆ ಬರೀ ನೀರು. ಕೆಲಸ ಮಾಡುವುದು ತಿಕ್ಕುವ ಕೈ. ಹಲ್ಲಿನ ಹೊರಬದಿ ಸಾಕು, ಒಳಬದಿಯನ್ನ ನಾಲಿಗೆ ನೋಡಿಕೊಳ್ಳುತ್ತದೆ. ಮೇಲಿನ ಹಿಂದಿನ ಹಲ್ಲುಗಳಿಗೆ ಹೆಚ್ಚು ಹೊತ್ತು, ಗಾರೆ ಮೊದಲು ಕೂರುವುದು ಅಲ್ಲೇ. ಒಂದು ಬದಿಗೆ ಅರ್ಧ ನಿಮಿಷ. ಗುರ್ ಅಂದರೆ ಬಿಟ್ಟುಬಿಡಿ, ನಾಳೆ ಇದೆ. ಈಗಾಗಲೇ ವಸಡು ಊದಿದ್ದರೆ ಉಜ್ಜಬೇಡಿ, ನೋವಾಗಿ ಜನ್ಮಕ್ಕೆ ಬಾಯಿ ಕೊಡುವುದಿಲ್ಲ. ಮೊದಲು ಡಾಕ್ಟರಿಗೆ ತೋರಿಸಿ.

ದಿನಾ ಉಜ್ಜಬೇಕು ಅನ್ನುವುದು ಪುಸ್ತಕದ ಮಾತು, ಸರಿಯಾದ ಮಾತೂ ಹೌದು. ನಾನು ವಾರಕ್ಕೆ ನಾಲ್ಕು ದಿನ ಮಾಡ್ತೀನಿ. ಬಾಳೆ ಕಟಾವು ಇದ್ದಾಗ ಎರಡು. ಚಿನ್ನಿಗೆ ಒಂದು ದಿನವೂ ಆಗಿಲ್ಲ, ಕೈ ತುಂಬ ಗೀರು ಅಷ್ಟೇ. ಹಂಗಂತ ತೋರಿಸಿಕೊಳ್ಳಲು ಬರೆಯುವುದಕ್ಕಿಂತ ಆಗಿದ್ದನ್ನ ಹೇಳುವುದು ಮೇಲು.

ಮರಿಗಳಿಗೆ ನಾಲ್ಕರಿಂದ ಆರು ತಿಂಗಳ ನಡುವೆ ಹಾಲಹಲ್ಲು ಬಿದ್ದು ಕಾಯಂ ಹಲ್ಲು ಬರುತ್ತವೆ. ಆಗ ವಸಡು ನೋಯುತ್ತದೆ, ಉಜ್ಜದೆ ಬರೀ ಮುಟ್ಟಿ ರೂಢಿ ಮಾಡಿ. ಏಳು ತಿಂಗಳಾದರೂ ಹಳೇ ಕೋರೆ ಹಲ್ಲು ಹೊಸದರ ಪಕ್ಕ ನಿಂತಿದ್ದರೆ ತೆಗೆಸಬೇಕು. ಪೊಮೇರಿಯನ್ ತರಹದ ಸಣ್ಣ ನಾಯಿಗಳಲ್ಲಿ ಇದು ಹೆಚ್ಚು. ನಾನು ಬಾಗಲಕೋಟೆಯಲ್ಲಿ ಓದುವಾಗ ಗೆಳೆಯರ ಜೊತೆ ಮುಧೋಳಕ್ಕೆ ಹೋಗುತ್ತಿದ್ದೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ತಳಿ, ಆಮೇಲೆ ಸೈನ್ಯವೂ ಕರೆದು ಪರೀಕ್ಷೆ ಮಾಡಿದ ತಳಿ. ಮರಿ ಕೊಳ್ಳಲು ಬಂದವರು ಕಾಲು ಉದ್ದ ನೋಡುತ್ತಿದ್ದರು, ಸೊಂಟ ನೋಡುತ್ತಿದ್ದರು. ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಸರಿಯಾಗಿ ಕೂರುತ್ತದೋ ಅಂತ ತುಟಿ ಎತ್ತಿ ನೋಡಿದವರು ಕಡಿಮೆ. ಬೇಟೆ ನಾಯಿಗೆ ಅದಕ್ಕಿಂತ ಮುಖ್ಯ ಏನಿದೆ?

ಅಗಿಯಲು ಏನು ಕೊಡಬೇಕು ಅಂತ ಕೇಳ್ತೀರಿ. ನಿಮ್ಮ ಉಗುರಿನಿಂದ ಒತ್ತಿದರೆ ತಗ್ಗು ಬೀಳದಷ್ಟು ಗಟ್ಟಿ ಇರುವುದು ಯಾವುದೂ ಬೇಡ. ಕೊಂಬು, ಗೊರಸು, ದೊಡ್ಡ ಎಲುಬು ಹಲ್ಲು ಸೀಳುತ್ತವೆ. ಬೇಯಿಸಿದ ಕೋಳಿ ಎಲುಬು ಚೂರಾಗಿ ಕರುಳು ಚುಚ್ಚುತ್ತದೆ. ನಮ್ಮ ತೋಟದವರು ವಿಶೇಷವಾಗಿ ಗಮನಿಸಬೇಕಾದ್ದು ಎರಡು: ಮೆಕ್ಕೆಜೋಳದ ತೆನೆ ತಿಂದು ಎಸೆದ ದಿಂಡು, ಮಾವಿನ ಗೊರಟೆ. ನಾಯಿ ಇವನ್ನ ನುಂಗಿ, ಕರುಳಲ್ಲಿ ಸಿಕ್ಕಿ, ಹೊಟ್ಟೆ ಕೊಯ್ದು ತೆಗೆಯುವ ಪಾಳಿ ಬರುತ್ತದೆ. ಗಜ್ಜರಿ ಕೊಡಿ, ನಮ್ಮಲ್ಲಿ ಸಣ್ಣ ವಕ್ರ ಗಜ್ಜರಿ ಮಾರ್ಕೆಟ್ಟಿಗೆ ಹೋಗುವುದಿಲ್ಲ, ಕರಿಯನ ಪಾಲು. ಆದರೆ ಗಜ್ಜರಿ ಬ್ರಶ್ಶಿನ ಕೆಲಸ ಮಾಡ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆನ್‌ಲೈನಿನಲ್ಲಿ ಮಾರುವ ಹಲ್ಲು ಸ್ವಚ್ಛದ ಬಿಸ್ಕೀಟುಗಳೂ ಅಷ್ಟೇ, ಕೆಲವು ಸ್ವಲ್ಪ ಉಪಯೋಗ, ಬಹಳಷ್ಟು ಬರೀ ಪಾಕೀಟಿನ ಬಣ್ಣ.

ನಿಮ್ಮ ಕೈಯಲ್ಲಿ ಫೋನ್ ಇದೆ. ತಿಂಗಳಿಗೊಮ್ಮೆ, ಬೆಳಕಿರುವಾಗ, ತುಟಿ ಎತ್ತಿ ಎಡಬದಿ ಒಂದು, ಬಲಬದಿ ಒಂದು ಫೋಟೋ. ಇಬ್ಬರಿದ್ದರೆ ಸುಲಭ. ಹೋದ ತಿಂಗಳಿನದರ ಜೊತೆ ಇಟ್ಟು ನೋಡಿ. ಕಣ್ಣು ಮರೆಯುತ್ತದೆ, ಫೋಟೋ ಮರೆಯುವುದಿಲ್ಲ. ಅದನ್ನೇ ಡಾಕ್ಟರಿಗೆ ಕಳಿಸಿದರೆ ಅರ್ಧ ಮಾತು ಉಳಿಯುತ್ತದೆ. ಬರಲಾಗದಷ್ಟು ದೂರ ಇದ್ದರೆ ಪಶು ಸಹಾಯವಾಣಿ 1962 ಇದೆ.

ನನ್ನ ಒಂದು ತಕರಾರು ಇದ್ದೇ ಇದೆ. ತಾಲ್ಲೂಕು ಆಸ್ಪತ್ರೆಗಳು ದನ, ಕುರಿಗಾಗಿ ಕಟ್ಟಿದವು, ಅದು ಸರಿಯೇ, ಹಾಲು ಕೊಡುವ ಎಮ್ಮೆ ಮೊದಲು. ಆದರೆ ಒಂದು ಹಲ್ಲು ಕೀಳಿಸಲು ನೂರು ಕಿಲೋಮೀಟರ್ ಹೋಗುವ ಸ್ಥಿತಿ ಇದ್ದರೆ ಹತ್ತರಲ್ಲಿ ಒಂಬತ್ತು ರೈತರು ಹೋಗೋದಿಲ್ಲ, ನಾಯಿ ನರಳಿ ಸಾಯುತ್ತದೆ. ಜಿಲ್ಲಾ ಕೇಂದ್ರದಲ್ಲಿಯಾದರೂ ಅರಿವಳಿಕೆ ಕೊಟ್ಟು ಹಲ್ಲಿನ ಕೆಲಸ ಮಾಡುವ ಒಂದು ದಿನ, ವಾರಕ್ಕೆ ಬೇಡ, ತಿಂಗಳಿಗೊಂದು ದಿನ ಗೊತ್ತುಮಾಡಬಹುದು. ಅದು ಆಗುವ ತನಕ ನಾವೇ ಮಾಡಬಹುದಾದದ್ದೂ ಇದೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಆ ಹೊತ್ತಿಗೆ ಅಲ್ಲಲ್ಲಿ ಲಸಿಕೆ ಶಿಬಿರ ನಡೆಯುತ್ತವೆ. ನಮ್ಮ ರೈತ ಉತ್ಪಾದಕ ಸಂಘಗಳು ಆ ಶಿಬಿರವನ್ನ ಊರಿಗೆ ಕರೆಸಲಿ, ಲಸಿಕೆ ಹಾಕುವಾಗಲೇ ಪ್ರತಿ ನಾಯಿಯ ತುಟಿ ಎತ್ತಿ ಒಂದು ಚೀಟಿ ಬರೆದುಕೊಡಲು ಡಾಕ್ಟರನ್ನ ಕೇಳಲಿ. ಹೆಚ್ಚೆಂದರೆ ಒಂದು ನಾಯಿಗೆ ಒಂದು ನಿಮಿಷ. ನಮ್ಮ ಸಂಘದಲ್ಲಿ ಈ ಮಾತು ಎತ್ತಿದಾಗ ಮೊದಲು ನಕ್ಕರು. ಪಕ್ಕದ ಹೊಲದ ಆ ಹುಡುಗ ಎದ್ದು ನಿಂತು ತನ್ನ ಕೈ ತೋರಿಸಿದ ಮೇಲೆ ನಗು ನಿಂತಿತು. ಈ ವರ್ಷದ ಪಟ್ಟಿಯಲ್ಲಿ ಸೇರಿಸಿದ್ದಾರೆ, ನೋಡೋಣ.

ಕರಿಯನ ಈ ತಿಂಗಳ ಫೋಟೋ ನಿನ್ನೆ ತೆಗೆದೆ. ಬಲಬದಿಯ ಹಿಂದಿನ ಹಲ್ಲಿನ ಬುಡದಲ್ಲಿ ಹೋದ ತಿಂಗಳು ಇಲ್ಲದ ಕಂದು ಗೆರೆ ಕಾಣುತ್ತಿದೆ. ಕಟಾವಿನ ಎರಡು ವಾರ ಬ್ರಶ್ ಬಿಟ್ಟದ್ದರ ಫಲ. ಸೋಮವಾರ ಬಾಳೆ ಗಾಡಿ ಕಲಬುರಗಿಗೆ ಹೋಗ್ತದೆ, ಅದರಲ್ಲೇ ಹತ್ತಿಸಿಕೊಂಡು ಡಾಕ್ಟರಿಗೆ ತೋರಿಸಿ ಬರಬೇಕು.